ಹಗ್ಗ ಬಿಡುವ ದಿನ

ಇದನ್ನು ನಂಬದವರಿಗೆ ನಾನು ಮೊದಲು ಬಾಯಲ್ಲಿ ಏನೂ ಹೇಳುವುದಿಲ್ಲ. ಎಡತೋಳಿನ ಬಟ್ಟೆ ಮೇಲಕ್ಕೆತ್ತಿ, ಮೊಣಕೈಗಿಂತ ನಾಲ್ಕು ಬೆರಳು ಮೇಲಿರುವ ಗುರುತು ತೋರಿಸುತ್ತೇನೆ. ಮೇಲೆ ಆರು ಹಲ್ಲು, ಕೆಳಗೆ ಐದು. ಎಣಿಸಿಕೊಳ್ಳಿ ಅನ್ನುತ್ತೇನೆ. ಆಮೇಲೆ ನಡೆದದ್ದನ್ನು ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೆ ಇನ್ನೊಮ್ಮೆ ಎಣಿಸುವುದಕ್ಕೆ ಇವತ್ತಿನವರೆಗೆ ಯಾರೂ ಹತ್ತಿರ ಬಂದಿಲ್ಲ.

ನನ್ನ ಹೆಸರು ಗಿರಿಜಾ. ಚನ್ನಗಿರಿಯ ಈಜುಕೊಳದಲ್ಲಿ ಹತ್ತು ವರ್ಷದಿಂದ ಮಕ್ಕಳಿಗೆ ಈಜು ಕಲಿಸುತ್ತಿದ್ದೇನೆ. ದೆವ್ವ ಗಿವ್ವ ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಹೆಂಗಸು ನಾನು. ಮೂಗಿನ ತುದಿಯಲ್ಲೇ ಕೋಪ ಅಂತ ಊರೆಲ್ಲ ಹೇಳುತ್ತದೆ, ಅದು ಸುಳ್ಳಲ್ಲ. ಆ ಕೋಪದಿಂದಲೇ ಇದೆಲ್ಲ ಆಯಿತು.

ನಾನು ಹುಟ್ಟಿದ್ದು ಸಾಸ್ವೆಹಳ್ಳಿ ಕಡೆ, ಹೊಳೆಗೆ ಕೂಗಳತೆ ದೂರದಲ್ಲಿ. ನನ್ನ ಸೋದರಮಾವ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಬಾವಿಗೆ ನೂಕಿ ಈಜು ಕಲಿಸಿದ. ಅಳುತ್ತಾ ಮೇಲೆ ಬಂದರೆ ಇನ್ನೊಂದು ಸಲ ನೂಕುತ್ತಿದ್ದ. ಆ ವಯಸ್ಸಲ್ಲಿ ಅವನನ್ನು ಬೈದುಕೊಂಡಷ್ಟು ನಾನು ಯಾರನ್ನೂ ಬೈದುಕೊಂಡಿಲ್ಲ. ಆದರೆ ಕಲಿಸುವ ಸರದಿ ನನಗೆ ಬಂದಾಗ ನಾನೂ ಹಗ್ಗವನ್ನೇ ಹಿಡಿದೆ.

ನಮ್ಮ ಕೊಳದಲ್ಲಿ ಪದ್ಧತಿ ಹೀಗೆ. ಮಗುವಿನ ಸೊಂಟಕ್ಕೆ ಗಂಟು ನಾನೇ ಹಾಕುತ್ತೇನೆ. ಹಗ್ಗದ ಇನ್ನೊಂದು ತುದಿ ಹಿಡಿದು ದಡದ ಮೇಲೆ ನಡೆಯುವುದು ಅಪ್ಪ ಅಥವಾ ಅಮ್ಮನ ಕೆಲಸ, ಅವರು ಬಾರದ ದಿನ ನಾನೇ ಹಿಡಿಯುತ್ತೇನೆ. ಹಗ್ಗ ಅವರವರ ಮನೆಯಿಂದಲೇ ತರಬೇಕು. ಮಗುವಿಗೆ ಸುಸ್ತಾದರೆ ಎರಡು ಸಲ ಜಗ್ಗಬೇಕು. ಎರಡು ಸಲ ಜಗ್ಗಿದರೆ, ಸಾಕು, ಎಳ್ಕೊಳ್ಳಿ ಅಂತ ಅರ್ಥ. ಬಾವಿಯಲ್ಲಿ ಈಜು ಕಲಿಯುವ ನಮ್ಮ ಕಡೆಯ ಮಕ್ಕಳಿಗೆಲ್ಲ ಈ ಸನ್ನೆ ಗೊತ್ತು. ಹನ್ನೆರಡನೇ ದಿನ ಹಗ್ಗ ಬಿಡುವ ದಿನ. ಅವತ್ತು ಮಗು ಕೊಳದ ಅಗಲವನ್ನು ದಾಟುವಾಗ ಅಪ್ಪನೋ ಅಮ್ಮನೋ ಅರ್ಧದಲ್ಲಿ ಹಗ್ಗ ಕೈಬಿಡಬೇಕು. ದಾಟಿದ ಮೇಲೆ ಎಲ್ಲರಿಗೂ ಮಂಡಕ್ಕಿ, ಮಿರ್ಚಿ.

ಹತ್ತು ವರ್ಷ ಹಗ್ಗ ಹಿಡಿದು ನನ್ನ ಕೈಗೆ ಒಂದು ವಿದ್ಯೆ ಬಂದಿದೆ. ನೀರಿನಲ್ಲಿರುವ ಮಗು ಹಗ್ಗಕ್ಕೆ ಜೋತುಬಿದ್ದರೆ ಅದು ಎಷ್ಟು ಕೇಜಿ ಅಂತ ಹೇಳಬಲ್ಲೆ. ಪಂಪ್ ನೋಡಿಕೊಳ್ಳುವ ರುದ್ರಣ್ಣ ತೂಕದ ಮಷೀನು ತಂದಿಟ್ಟು ಪರೀಕ್ಷೆ ಮಾಡಿ ಸೋತಿದ್ದಾನೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ವಿದ್ಯೆ ನನಗೆ ಬಾರದೇ ಇದ್ದಿದ್ದರೆ ಚೆನ್ನಾಗಿತ್ತು.

ಹೋದ ಬೇಸಿಗೆಯಲ್ಲಿ ಹಾಲೇಶಪ್ಪ ಅನ್ನುವವನು ಎಂಟು ವರ್ಷದ ಮಗಳನ್ನು ಸಂಜೆ ಬ್ಯಾಚಿಗೆ ಸೇರಿಸಿದ. (ಹೆಸರು ಬದಲಿಸಿದ್ದೇನೆ, ಮಿಕ್ಕಿದ್ದೇನೂ ಬದಲಿಸಿಲ್ಲ.) ಸಂತೇಬೆನ್ನೂರು ಹತ್ತಿರದ ಹಳ್ಳಿಯವನು, ಮೆಕ್ಕೆಜೋಳ ಬಿಡಿಸುವ ಮಷೀನು ಬಾಡಿಗೆಗೆ ಓಡಿಸುವವನು. ಮಗಳು ಸಿಂಚನ. ಮುಂದಿನ ಮೇಲು ಹಲ್ಲು ಎರಡೂ ಬಿದ್ದು, ನಕ್ಕರೆ ಬಾಗಿಲು ತೆರೆದ ಹಾಗೆ ಕಾಣುತ್ತಿತ್ತು. ಎರಡು ವರ್ಷದ ಹಿಂದೆ ಅವನ ದೊಡ್ಡ ಮಗಳು ಕಾವ್ಯ ನೀರು ಸೇದುವಾಗ ಕಾಲು ಜಾರಿ ತೋಟದ ಬಾವಿಗೆ ಬಿದ್ದು ಸತ್ತಳು ಅಂತ ಮೊದಲ ದಿನವೇ ಹೇಳಿದ.

"ಇವಳಿಗಾದ್ರೂ ಈಜು ಬರ್ಬೇಕು ಮೇಡಂ. ಎಷ್ಟು ದಿನ ಆದ್ರೂ ಚಿಂತಿಲ್ಲ."

ಅವನು ತಂದ ಹಗ್ಗ ನೀಲಿ ನೈಲಾನಿನದು. ನಮ್ಮ ಕೊಳದಲ್ಲಿ ಯಾವಾಗಲೂ ಕ್ಲೋರಿನ್ ವಾಸನೆ, ಮೂಗು ಉರಿಯುವಷ್ಟು. ಆದರೆ ಆ ಹಗ್ಗಕ್ಕೆ ಪಾಚಿ ವಾಸನೆ... ಹಳೇ ಬಾವಿಯ ತಳದ ಕೆಸರಿನ ವಾಸನೆ. ಮಿಕ್ಕ ಹಗ್ಗಗಳೆಲ್ಲ ಬಿಸಿಲಿಗೆ ಒಣಗಿ ಸೆಟೆದು ನಿಂತಿದ್ದರೂ ಇವನದು ಮಾತ್ರ ತಂದಾಗಲೇ ಒದ್ದೆ ಇರುತ್ತಿತ್ತು.

"ಏನ್ರೀ, ದಿನಾ ಹಗ್ಗಕ್ಕೂ ಸ್ನಾನ ಮಾಡಿಸ್ಕಂಡು ಬರ್ತೀರೇನು?" ಅಂತ ನಾನು ಛೇಡಿಸಿದರೆ ಅವನು ನಗುತ್ತಿರಲಿಲ್ಲ.

ಸಿಂಚನ ಬೇಗ ಕಲಿತಳು. ಒಂಬತ್ತನೇ ದಿನಕ್ಕೇ ಹಗ್ಗ ಬೇಕಿರಲಿಲ್ಲ. ಆದರೂ ಅಪ್ಪ ಹಗ್ಗವನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡೇ ನಡೆಯುತ್ತಿದ್ದ. ಒಂದು ದಿನ ಗಂಟು ಬಿಚ್ಚುವಾಗ ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು.

"ಮಿಸ್... ಅಪ್ಪ ಹಗ್ಗ ಬಿಡಬಾರ್ದು ಮಿಸ್."

"ಯಾಕೇ?"

"ಅಪ್ಪ ಹಿಡ್ಕಂಡಿದ್ರೆ ಅಕ್ಕ ಸುಮ್ನಿರ್ತಾಳೆ."

ಪಾಪ, ಅಕ್ಕನನ್ನು ಕಳೆದುಕೊಂಡ ಮಗುವಿನ ಭಯ ಅಂದುಕೊಂಡೆ. ಭಯ ಹೋಗಬೇಕಾದರೆ ಹಗ್ಗ ಬಿಡಿಸಲೇಬೇಕು ಅಂತ ನನ್ನ ಹಟ ಇನ್ನೂ ಗಟ್ಟಿಯಾಯಿತು. ಎಂಥ ತಿಳಿವಳಿಕೆ ನನ್ನದು, ಥೂ!

ಹನ್ನೆರಡನೇ ದಿನ ಬಂತು. ಮಧ್ಯಾಹ್ನದಿಂದಲೇ ಮೋಡ ಕವಿದು ಆರೂವರೆಗೇ ಕತ್ತಲಾಗಿತ್ತು. ದೀಪ ಹಾಕಿಸಿದೆ. ಒಂದೊಂದೇ ಮಗು ದಾಟಿತು, ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ಟಿದರು, ಒಬ್ಬ ತಾಯಿ ಅತ್ತೇಬಿಟ್ಟಳು. ಏಳು ಗಂಟೆ ಹೊತ್ತಿಗೆ ಉಳಿದದ್ದು ಸಿಂಚನ ಒಬ್ಬಳೇ. ಮಿಕ್ಕವರು ಆಗಲೇ ದಡದ ತಗಡು ಶೀಟಿನ ಕೆಳಗೆ ಮಂಡಕ್ಕಿ ತಿನ್ನುತ್ತಾ ನಿಂತಿದ್ದರು.

ಅವಳು ನೀರಿಗಿಳಿದಳು. ಚೆನ್ನಾಗಿಯೇ ಕೈ ಹಾಕಿದಳು. ಅರ್ಧ ದೂರ ಬಂದಳು.

"ಹಗ್ಗ ಬಿಡ್ರಿ!" ಅಂತ ಕೂಗಿದೆ.

ಹಾಲೇಶಪ್ಪ ಬಿಡಲಿಲ್ಲ.

"ಏನ್ರೀ, ಮಗಳನ್ನ ಹಿಂಗೇ ಕಟ್ಟಿ ಹಾಕ್ಕಂಡೇ ಮದುವೆ ಮಾಡ್ತೀರೇನು? ಬಿಡ್ರಿ!"

ಶೀಟಿನ ಕೆಳಗಿದ್ದವರು ನಕ್ಕರು. ಅವನ ಮುಖ ಬಿಳುಚಿಕೊಂಡಿತ್ತು. "ಇವತ್ತು ಬ್ಯಾಡ ಮೇಡಂ... ನನ್ನ ಕೈಲಿ ಆಗಲ್ಲ..."

ಹೋಗಿ ಅವನ ಮುಷ್ಟಿ ಹಿಡಿದೆ. ಒಂದೊಂದೇ ಬೆರಳು ಬಿಡಿಸಲು ನೋಡಿದೆ. ಕಬ್ಬಿಣ ಇದ್ದಂತಿತ್ತು. ಕಿರುಬೆರಳನ್ನು ಹಿಂದಕ್ಕೆ ಬಾಗಿಸಿದೆ. ಅವನು ಇನ್ನೊಂದು ಕೈ ಎತ್ತಿ ನನ್ನ ಕೆನ್ನೆಗೆ ಬಾರಿಸಿದ! ಕಿವಿ ಗುಂಯ್ ಅಂದಿತು. ಅಷ್ಟು ಜನರ ಮುಂದೆ! ನನಗೆ ಕಣ್ಣು ಕತ್ತಲಿಟ್ಟಂತಾಗಿ, ನಾನೂ ಅವನಿಗೆ ಬಾರಿಸಿದೆ, ಬಾರಿಸಿದ ಕೈಯಲ್ಲೇ ಆ ಬೆರಳನ್ನು ತಿರುಚಿದೆ. ಲಟಕ್ ಅಂತ ಸದ್ದು ಬಂತು. ಅವನು ಕಿರುಚಿದ. ಹಗ್ಗ ಬಿದ್ದಿತು.

ಒಂದು ಕ್ಷಣ ಅದು ಟೈಲ್ಸಿನ ಮೇಲೆ ಸುಮ್ಮನೆ ಬಿದ್ದಿತ್ತು.

ಹಗ್ಗದ ಒಂದು ತುದಿ ಸಿಂಚನಳ ಸೊಂಟದಲ್ಲಿದೆ. ಅವಳು ಆಚೆ ದಡಕ್ಕೆ ಹೋಗುತ್ತಿದ್ದಾಳೆ. ಹಾಗಿದ್ದರೆ ಬಿದ್ದ ತುದಿ ಅವಳ ಹಿಂದೆಯೇ ಹೋಗಬೇಕು, ಅಲ್ಲವೇ? ಅದು ಹೋಗಲಿಲ್ಲ. ಸರ್ರನೆ ಬಲಕ್ಕೆ ತಿರುಗಿತು... ಎಂಟಡಿ ಆಳದ ಕಡೆಗೆ. ಟೈಲ್ಸಿನ ಅಂಚು ಉಜ್ಜಿಕೊಂಡು ಸುಯ್ಯೆಂದು ನೀರಿಗಿಳಿಯಿತು, ಹಿಡಿಯಲು ಬಾಗಿದ ನನ್ನ ಕಣ್ಣೆದುರೇ.

ಸಿಂಚನ ನೀರಿನ ಮಧ್ಯೆ ಗಕ್ಕನೆ ನಿಂತಳು. ಆಮೇಲೆ ಸೊಂಟದಲ್ಲೇ ಮಡಚಿಕೊಂಡು, ಬೆನ್ನು ಮುಂದಾಗಿ, ಆಳದ ಕಡೆಗೆ ಹೋದಳು. ಅಷ್ಟು ಜೋರಾಗಿ ಯಾವ ಮಗುವೂ ಈಜಲಾರದು. "ಮಿ..." ಅಂದಳು. ಇನ್ನರ್ಧ ಮಾತು ನೀರೊಳಗೆ ಹೋಯಿತು.

ಅದೇ ಹೊತ್ತಿಗೆ ಕರೆಂಟು ಹೋಯಿತು.

ನಾನು ಹಾರಿದೆ. ನಮ್ಮ ಕೊಳದ ಒಂದೊಂದು ಟೈಲ್ಸೂ ನನಗೆ ಗೊತ್ತು, ಕಣ್ಣು ಕಟ್ಟಿ ಬಿಟ್ಟರೂ ತಳ ಮುಟ್ಟಿ ಬರುತ್ತೇನೆ. ಮುಳುಗಿದ ಕೂಡಲೇ ಬಾಯಿಗೆ ಬಂದದ್ದು ಕ್ಲೋರಿನ್ ನೀರಲ್ಲ. ಕೆಸರು... ಪಾಚಿ... ಕೊಳೆತ ಎಲೆಯ ರುಚಿ. ಹಗ್ಗ ಕೈಗೆ ಸಿಕ್ಕಿತು. ಎರಡೂ ಕೈಯಲ್ಲಿ ಹಿಡಿದೆ. ಅದು ನಿಲ್ಲಲಿಲ್ಲ, ನನ್ನ ಅಂಗೈ ಚರ್ಮ ಸುಲಿದುಕೊಂಡೇ ಓಡಿತು. ನೀರೊಳಗೇ ಬಾಯಿಬಿಟ್ಟು ಕೂಗಿದೆ. ಆದರೂ ಬಿಡದೆ ಮಣಿಕಟ್ಟಿಗೆ ಸುತ್ತಿಕೊಂಡೆ, ಆಗ ನಿಂತಿತು.

ನಿಂತಾಗ ನನ್ನ ಕೈ ತೂಕ ಹೇಳಿತು. ಸಿಂಚನ ಇಪ್ಪತ್ತೊಂದು ಕೇಜಿ. ಹಗ್ಗದಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚಿತ್ತು. ಅಲ್ಲಿ ಇಬ್ಬರು ಮಕ್ಕಳಿದ್ದರು.

ತಡಕಿ ತಡಕಿ ಸಿಂಚನಳನ್ನು ತಬ್ಬಿಕೊಂಡೆ. ಅವಳ ಎರಡೂ ಕೈ ಸತ್ತಂತೆ ನನ್ನ ಬೆನ್ನ ಮೇಲೆ ಜೋಲಾಡುತ್ತಿದ್ದವು. ಆಗ ಯಾರೋ ನನ್ನ ಜಡೆ ಹಿಡಿದು ಎಳೆದರು. ನನ್ನ ತಲೆ ಹೋಗಿ ಟೈಲ್ಸಿಗೆ ಬಡಿಯಿತು. ಇನ್ನೊಮ್ಮೆ ಎಳೆದು ಬಡಿದರು. ಹೊಟ್ಟೆಗೆ ಒದೆತ ಬಿತ್ತು, ಸಣ್ಣ ಕಾಲಿನ ಒದೆತ, ಉಸಿರೆಲ್ಲ ಗುಳ್ಳೆಯಾಗಿ ಹೋಯಿತು. ಮುಖದ ಮೇಲೆ ಉಗುರು ಇಳಿದವು, ಹುಬ್ಬಿನಿಂದ ಗಲ್ಲದವರೆಗೆ. ಸಿಂಚನಳ ಕೈ ಅಲ್ಲ, ಅವಳ ಕೈ ಎಲ್ಲಿದ್ದವೆಂದು ನನಗೆ ಗೊತ್ತಿತ್ತು. ಆಮೇಲೆ ತೋಳಿಗೆ ಕಚ್ಚಿತು. ಬಿಡಲಿಲ್ಲ, ಕಚ್ಚಿಕೊಂಡೇ ತಲೆ ಅಲ್ಲಾಡಿಸಿತು.

ನಾನು ಗುದ್ದಿದೆ. ಇದನ್ನು ಮುಚ್ಚಿಡುವುದಿಲ್ಲ. ಬಲಗೈ ಮುಷ್ಟಿ ಕಟ್ಟಿ ಮೂರು ಸಲ, ಇದ್ದ ಶಕ್ತಿಯನ್ನೆಲ್ಲ ಹಾಕಿ. ನನ್ನ ಬೆರಳಗೆಣ್ಣಿಗೆ ಸಿಕ್ಕಿದ್ದು ಮೂಗು... ಎಳೇ ಮೂಗು. ಹತ್ತು ವರ್ಷ ಮಕ್ಕಳ ಮುಖ ಒರೆಸಿದ ಕೈ ನನ್ನದು, ಮಗುವಿನ ಮುಖ ಯಾವುದೆಂದು ಅದಕ್ಕೆ ತಿಳಿಯುತ್ತದೆ.

ಹೇಗೋ ಕಾಲು ತಳಕ್ಕೆ ಊರಿ ಮೇಲಕ್ಕೆ ಒದ್ದೆ. ತಲೆ ನೀರಿನಾಚೆ ಬಂತು. ಮೊಬೈಲ್ ಟಾರ್ಚುಗಳ ಬೆಳಕು, ಕಿರುಚಾಟ.

"ಹಗ್ಗ ಹಿಡೀರೀ! ಯಾರಾದ್ರೂ ಹಿಡೀರೋ!" ಅಂದವಳು ಮಣಿಕಟ್ಟಿನ ಹಗ್ಗ ಬಿಚ್ಚಿ ದಡಕ್ಕೆ ಎಸೆದೆ. ಎಸೆದ ಕೂಡಲೇ ಮತ್ತೆ ನಮ್ಮಿಬ್ಬರನ್ನೂ ಕೆಳಕ್ಕೆ ಜಗ್ಗಿತು.

ಹಿಡಿದವನು ಹಾಲೇಶಪ್ಪ. ಅವನಿಗೆ ಈಜು ಬರುವುದಿಲ್ಲ. ದಡದ ಮೇಲೆ ಅಂಗಾತ ಬಿದ್ದು, ಮುರಿದ ಬೆರಳಿನ ಕೈಗೇ ಹಗ್ಗ ಸುತ್ತಿಕೊಂಡು, ಕಾಲನ್ನು ಅಂಚಿಗೆ ಒತ್ತಿ ಅರಚಿದ. ನೀರೊಳಗೂ ಕೇಳಿಸಿತು ನನಗೆ.

"ಹಿಡ್ಕಂಡೀನವ್ವಾ! ಕಾವ್ಯಾ... ಹಿಡ್ಕಂಡೀನಿ! ಈ ಸಲ ಬಿಡಲ್ಲ ಕಣವ್ವಾ!"

ಹಲ್ಲು ನನ್ನ ತೋಳು ಬಿಟ್ಟಿತು. ಹಗ್ಗ ಸಡಿಲವಾಯಿತು. ಅಷ್ಟು ಹೊತ್ತು ಹೊಡೆದಾಡಿದ್ದ ನೀರು ಒಮ್ಮೆಲೇ ಸುಮ್ಮನಾಗಿ, ನಾವಾಗಿಯೇ ಮೇಲೆ ಬಂದೆವು.

ರುದ್ರಣ್ಣ ಸಿಂಚನಳನ್ನು ಎತ್ತಿ ಮಲಗಿಸಿದ. ಉಸಿರಿರಲಿಲ್ಲ. ಸುಲಿದ ಅಂಗೈಯಲ್ಲೇ ಅವಳ ಎದೆ ಒತ್ತಿದೆ, ಅವಳ ಬಿಳಿ ಬನಿಯನ್ನಿನ ಮೇಲೆಲ್ಲ ನನ್ನ ರಕ್ತ. ಪಕ್ಕೆಲುಬು ಮುರಿದದ್ದು ಕೈಗೆ ಗೊತ್ತಾಯಿತು, ಆದರೂ ಒತ್ತಿದೆ. ಕೊನೆಗೆ ಕೆಮ್ಮಿದಳು. ಬಾಯಿಂದ ಬಂದದ್ದು ಕಪ್ಪು ನೀರು. ನಮ್ಮ ಕೊಳದ ನೀರು ಕನ್ನಡಿಯಷ್ಟು ತಿಳಿಯಾಗಿರುತ್ತದೆ, ಬೇಕಾದರೆ ಬಂದು ನೋಡಿ.

ಅಷ್ಟರಲ್ಲಿ ಹಿಂದೆ ಗಲಾಟೆ ಎದ್ದಿತ್ತು. ಅಪ್ಪನೇ ಹಗ್ಗ ಎಳೆದು ಮಗಳನ್ನು ಮುಳುಗಿಸಿದ ಅಂತ ಕತ್ತಲಲ್ಲಿ ಯಾರೋ ಕೂಗಿದರು. ಅಷ್ಟೇ ಸಾಕಾಯಿತು. ನಾಲ್ಕೈದು ಗಂಡಸರು ಹಾಲೇಶಪ್ಪನ ಮೇಲೆ ಬಿದ್ದರು. ಚಪ್ಪಲಿ, ಮೊಣಕೈ, ಯಾರದೋ ಬೆಲ್ಟು. ಅವನ ಮೂಗು ಒಡೆದು ರಕ್ತ ಸುರಿಯಿತು, ಆದರೂ ಅವನು ಕೈ ಅಡ್ಡ ತರಲಿಲ್ಲ. ತಂದರೆ ಹಗ್ಗ ಬಿಡಬೇಕಲ್ಲ!

"ಬಿಡ್ರೋ ಅವನ್ನ! ತಪ್ಪು ನಂದು, ನಂದು!" ಅಂತ ನಾನು ಹೋಗಿ ನಡುವೆ ಬಿದ್ದೆ. ನನಗೂ ಎರಡು ಏಟು ಬಿದ್ದವು.

ಆಸ್ಪತ್ರೆಯಲ್ಲಿ ನನ್ನ ಅಂಗೈಗೆ ಬಟ್ಟೆ ಸುತ್ತಿದರು. ತೋಳಿನ ಗಾಯ ತೊಳೆಯುತ್ತಿದ್ದ ಡಾಕ್ಟರಮ್ಮ ಕೇಳಿದರು, "ಯಾವ ಮಗು ಕಚ್ಚಿದ್ದು?"

"ಇದೇ ಮಗು, ಗಾಬರೀಲಿ" ಅಂದೆ, ಪಕ್ಕದ ಮಂಚದ ಸಿಂಚನಳನ್ನು ತೋರಿಸಿ.

ಅವರು ಹೋಗಿ ಸಿಂಚನಳ ಬಾಯಿ ತೆರೆಸಿ ನೋಡಿದರು. ಬಂದು ನನ್ನ ತೋಳು ನೋಡಿದರು. ಇನ್ನೊಂದು ಸಲ ಅವಳ ಬಾಯಿ ನೋಡಿದರು. ಅವಳಿಗೆ ಮೇಲೆ ಮುಂದಿನ ಹಲ್ಲೇ ಇಲ್ಲ. ಗಾಯದಲ್ಲಿ ಆರೂ ಇದ್ದವು, ನಡುವಿನ ಎರಡರಲ್ಲಿ ಒಂದು ಇನ್ನೊಂದರ ಮೇಲೆ ಹತ್ತಿ ಕೂತಂತೆ. ಡಾಕ್ಟರಮ್ಮ ಬ್ಯಾಂಡೇಜು ಹಾಕತೊಡಗಿದರು.

ಬಾಗಿಲಲ್ಲಿ ನಿಂತಿದ್ದ ಹಾಲೇಶಪ್ಪನೂ ನೋಡಿದ. ಹತ್ತಿರ ಬಂದು, ಮುಟ್ಟಲೋ ಬೇಡವೋ ಅನ್ನುವಂತೆ ಬೆರಳು ತಂದ.

"ನಮ್ಮ ಕಾವ್ಯಂಗೆ ಹಲ್ಲಿನ ಮ್ಯಾಲೆ ಹಲ್ಲಿತ್ತು ಮೇಡಂ."

ಆಮೇಲೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಅವನ ಹೆಂಡತಿ ಸಿಂಚನಳ ತಲೆ ಸವರುತ್ತಾ ಅಲ್ಲೇ ಇದ್ದಳು.

ಕಾವ್ಯ ನೀರು ಸೇದುವಾಗ ಜಾರಲಿಲ್ಲ. ತನಗೆ ಈಜು ಬಾರದಿದ್ದರೂ ಇವನೇ ಅವಳಿಗೆ ಬಾವಿಯಲ್ಲಿ ಕಲಿಸುತ್ತಿದ್ದ, ಇದೇ ಹಗ್ಗ ಕಟ್ಟಿ. ಫೋನ್ ಬಂತು. ಮಷೀನು ಬಾಡಿಗೆಯ ಮಾತು. ಹಗ್ಗದ ತುದಿಯನ್ನು ಕಾಲಡಿ ಮೆಟ್ಟಿಕೊಂಡು ಅತ್ತ ತಿರುಗಿ ಮಾತಾಡಿದ.

"ಕಾಲಡಿ ಎರಡು ಸಲ ಜಗ್ಗಿದಂಗಾತು... ಆಟ ಆಡ್ತಾಳೆ ಅಂದ್ಕಂಡೆ. ಮಾತು ಮುಗ್ಸಿ ತಿರುಗಿದ್ರೆ ಹಗ್ಗಾನೇ ಇರ್ಲಿಲ್ಲ. ಕೆಳಗೆ ಪಂಪಿನ ಪೈಪಿಗೆ ಸುತ್ಕಂಡಿತ್ತು ಮೇಡಂ. ನಾನೇ ಬಿಟ್ಟೆ. ಅದಕ್ಕೇ ಅದೇ ಹಗ್ಗ ತಂದೆ. ಈ ಸಲ ಬಿಡಬಾರ್ದು ಅಂತ..."

ಹೆಂಡತಿ ಎದ್ದು ಬಂದಳು. ಅವಳು ಅಳಲಿಲ್ಲ. ಒಡೆದ ಆ ಮುಖಕ್ಕೇ ಹೊಡೆದಳು. ಎರಡೂ ಕೈಯಲ್ಲಿ, ನರ್ಸುಗಳು ಬಂದು ಹಿಡಿಯುವವರೆಗೂ. ಮಗು ಗುಣವಾದ ಮೇಲೆ ಅವಳನ್ನು ಕರೆದುಕೊಂಡು ಜಗಳೂರಿನ ತವರಿಗೆ ಹೋಗಿಬಿಟ್ಟಳು.

ಎರಡು ತಿಂಗಳು ತಡೆದೆ. ಅವನ ಬೆರಳು ಮುರಿದವಳು ನಾನು, ಬಿಡಿಸಬಾರದ ಹಗ್ಗ ಬಿಡಿಸಿದವಳು ನಾನು. ಕ್ಷಮೆ ಕೇಳದೆ ನಿದ್ದೆ ಬರಲಿಲ್ಲ. ಒಂದು ಭಾನುವಾರ ಸಂಜೆ ಅವನ ತೋಟಕ್ಕೆ ಹೋದೆ.

ಬಾವಿಕಟ್ಟೆ ಮೇಲೆ ಕೂತಿದ್ದ. ಕೈಗೆ ಆ ನೀಲಿ ಹಗ್ಗ ಸುತ್ತಿಕೊಂಡಿದ್ದ, ಇನ್ನೊಂದು ತುದಿ ಬಾವಿಯ ನೀರಿನಲ್ಲಿತ್ತು. ನನ್ನನ್ನು ನೋಡಿ ಏಳಲಿಲ್ಲ.

"ದಿನಾ ಹಿಂಗೇ ಕೂಡ್ತೀರೇನ್ರೀ?"

"ಹಿಡ್ಕಂಡಿದ್ರೆ ಸುಮ್ನಿರ್ತಾಳೆ ಮೇಡಂ. ಅಲ್ಲಿ ಜಗಳೂರಲ್ಲಿ ಸಿಂಚನಾನೂ ನಿದ್ದೆ ಮಾಡ್ತಾಳೆ. ಒಂದಿನ ನಾನು ಕೂಡ್ಲಿಲ್ಲ. ರಾತ್ರಿಯೆಲ್ಲ ಮಗು ಸೊಂಟ ಹಿಡ್ಕಂಡು ಕಿರುಚಿತಂತೆ, ಅಲ್ಲಿಂದ ಬಂದ ನೆಂಟರು ಹೇಳಿದ್ರು."

ತಪ್ಪಾಯಿತು ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಅವನು ತೆಗೆಯಲಿಲ್ಲ. ಹೊಡೆದುಕೊಳ್ಳುತ್ತಲೇ ಇತ್ತು.

"ಸಿಂಚನ ಇರ್ಬೇಕು. ವಾರಕ್ಕೊಂದ್ಸಲ, ಭಾನುವಾರ ಈ ಹೊತ್ತಲ್ಲಿ ಮಾತ್ರ, ಅವ್ರಮ್ಮನ ಫೋನಿಂದ ಕದ್ದು ಮಾಡ್ತಾಳೆ" ಅಂದ. ಆದರೂ ಕೈ ಅಲುಗಿಸಲಿಲ್ಲ. ಹಗ್ಗ ಕೈಯಲ್ಲಿರುವಾಗ ಅವನು ಫೋನ್ ಮುಟ್ಟುವುದಿಲ್ಲ ಅಂತ ನನಗೆ ಆಗ ಹೊಳೆಯಿತು. ಎರಡು ತಿಂಗಳಿಂದ ಮಗಳ ದನಿ ಕೇಳಿರಲಿಲ್ಲ ಅವನು.

"ಕೊಡ್ರಿ ಇಲ್ಲಿ. ನಾನು ಹಿಡ್ಕೊಳ್ತೀನಿ. ಹೋಗಿ ಮಾತಾಡ್ರಿ."

ನನ್ನ ಮುಖ ನೋಡಿದ. ಆಮೇಲೆ ಒಂದೊಂದೇ ಸುತ್ತು ಬಿಚ್ಚಿ ನನ್ನ ಮುಷ್ಟಿಗೆ ಸುತ್ತಿದ.

ಅಂಗೈಯ ಗಾಯದ ಮೇಲೆ ಹಗ್ಗ ಕೂತಿತು. ಬರೀ ಹಗ್ಗ ಇರಬಹುದು, ಕೆಳಗೆ ಏನೂ ಇರಲಾರದು ಅಂದುಕೊಂಡಿದ್ದೆ. ಆದರೆ ತೂಕವಿತ್ತು. ಒದ್ದಾಡದ, ತಣ್ಣಗೆ ಜೋತುಬಿದ್ದ ತೂಕ.

"ಹಾಲೇಶಪ್ಪಾರೇ... ಕಾವ್ಯ ಎಷ್ಟು ತೂಕ ಇದ್ಲು?"

"ಇಸ್ಕೂಲ್ ಕಾರ್ಡಲ್ಲಿ ಇಪ್ಪತ್ತಾರು ಅಂತ ಬರೆದಿತ್ತು" ಅಂದವನು ಫೋನ್ ಕಿವಿಗಿಟ್ಟುಕೊಂಡು ಅತ್ತ ನಡೆದ. ನನ್ನ ಕೈಯೂ ಇಪ್ಪತ್ತಾರೇ ಅಂದಿತ್ತು.

ದೂರದಲ್ಲಿ ಅವನು ಮಗಳ ಜೊತೆ ಮಾತಾಡುತ್ತಾ ನಗುವುದು ಕೇಳಿಸಿತು. ಹೊತ್ತು ಮುಳುಗಿ ಬಾವಿಯೊಳಗೆ ಕತ್ತಲು ತುಂಬಿತ್ತು. ಪಾಚಿ ವಾಸನೆ ಮೇಲೆ ಬಂತು. ನಾನು ಒಳಗೆ ಬಗ್ಗಿ ನೋಡಲಿಲ್ಲ.

ಆಗ ಹಗ್ಗ ಜಗ್ಗಿತು. ಮೆಲ್ಲಗೆ... ಒಂದು ಸಲ. ತಡೆದು, ಇನ್ನೊಂದು ಸಲ.

ಹತ್ತು ವರ್ಷದಲ್ಲಿ ಸಾವಿರ ಸಲ ಆ ಸನ್ನೆಗೆ ಓಗೊಟ್ಟವಳು ನಾನು. ಎರಡು ಸಲ ಜಗ್ಗಿದರೆ ಮಗುವಿಗೆ ಸುಸ್ತಾಗಿದೆ, ಎಳೆದುಕೊಳ್ಳಬೇಕು. ಒಂದು ಕ್ಷಣವೂ ತಡಮಾಡಬೇಡಿ ಅಂತ ಅಪ್ಪ ಅಮ್ಮಂದಿರಿಗೆ ಬೈದು ಬೈದು ಹೇಳಿದವಳು. ಆದರೆ ಇಲ್ಲಿ ಎಳೆದರೆ ಮೇಲೆ ಏನು ಬರುತ್ತದೋ. ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಅಷ್ಟೇ.

ಈಗಲೂ ಭಾನುವಾರ ಸಂಜೆ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತೇನೆ. ಅವನು ಮಗಳ ಜೊತೆ ಮಾತಾಡಿ ಬರುವವರೆಗೆ ಹಗ್ಗ ಹಿಡಿದು ಕೂರುತ್ತೇನೆ. ಪ್ರತಿ ವಾರವೂ ಅದು ಎರಡು ಸಲ ಜಗ್ಗುತ್ತದೆ. ಒಂದು ವಾರವೂ ನಾನು ಎಳೆದಿಲ್ಲ.